ನಾಲ್ಕೂ ಹತ್ತರ ದನಿ

ಅವರ ಬಲಗೈ ಹೆಬ್ಬೆರಳಿನ ಪಕ್ಕದಲ್ಲಿ ಜೋಳದ ಕಾಳಿನಷ್ಟು ಗಟ್ಟಿ ಚರ್ಮವಿತ್ತು. ತುಸು ಹಳದಿ, ನಡುವೆ ಸಣ್ಣ ತಗ್ಗು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟೈಪ್‌ರೈಟರಿನ ಸ್ಪೇಸ್ ಬಾರ್ ಒತ್ತಿ ಬಂದದ್ದು. ಯೋಚನೆಗೆ ಬಿದ್ದಾಗ ಅದನ್ನು ತೋರುಬೆರಳಿನಿಂದ ಮೆಲ್ಲಗೆ ತಿಕ್ಕುತ್ತಿದ್ದರು. ಆಗ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ.

ಮುದ್ದೇಬಿಹಾಳದಲ್ಲಿ ಎಲ್ಲರಿಗೂ ಅವರು ಟೈಪಿಂಗ್ ಅಕ್ಕೋರು. ಟೈಪ್‌ರೈಟರುಗಳು ಮೂಲೆ ಸೇರಿ, ಕಂಪ್ಯೂಟರುಗಳು ಬಂದು ಎಷ್ಟೋ ವರ್ಷವಾದರೂ ಜನ ಹಾಗೆಯೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲೆ ಎರಡು ಖೋಲಿ. ಮುಂದಿನದರಲ್ಲಿ ಕ್ಲಾಸು. ಹಿಂದಿನದರಲ್ಲಿ ಒಂದು ಮಂಚ, ಗ್ಯಾಸಿನ ಒಲೆ, ಗೋಡೆಗೆ ತಮ್ಮನ ಫೋಟೋ. ಅವರು ಮದುವೆಯಾಗಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ. ನನ್ನನ್ನೂ ಅವರು ಅಂಥದ್ದೇನನ್ನೂ ಕೇಳುತ್ತಿರಲಿಲ್ಲ. ನಮ್ಮಿಬ್ಬರಿಗೆ ಹೊಂದಿಕೆಯಾದದ್ದೇ ಅದರಿಂದ ಇರಬೇಕು.

ಹತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವರ ಬಳಿ ಟೈಪಿಂಗ್ ಕಲಿತೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಊರಿಗೆ ಮರಳಿ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದ ಮೇಲೆ ಮಧ್ಯಾಹ್ನಗಳು ಬಿಡುವಾಗಿದ್ದವು. ಅವರ ಕ್ಲಾಸಿಗೆ ಹೋಗಿ ಹುಡುಗಿಯರಿಗೆ ಕಂಪ್ಯೂಟರ್ ಹೇಳಿಕೊಡತೊಡಗಿದೆ. ಅಕ್ಕೋರು ಬಾಗಿಲಿನ ಇನ್ನೊಂದು ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಯುನಿವರ್ಸಿಟಿ ಕಲ್ತಾಕಿ ಅದಿ, ಕೀಲಿ ತಗ್ಯಾಕರ ಬರ್ತೈತೋ ಇಲ್ಲೋ ನೋಡೂಣು" ಎಂದಿದ್ದರು.

ಅವರಲ್ಲಿ ಒಂದು ಕಟ್ಟುನಿಟ್ಟು ಇತ್ತು. ಏನನ್ನೇ ಅಳಿಸುವುದಿದ್ದರೂ ಇಬ್ಬರು ಇರಬೇಕು. ಒಬ್ಬರು ಅಳಿಸುವುದರ ಹೆಸರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಿ "ಹೋಗ್ಲಿ" ಎನ್ನಬೇಕು. ಟೈಪಿಂಗ್ ಕಾಲದಲ್ಲಿ ನಕಲನ್ನು ಮೂಲದೊಂದಿಗೆ ತಾಳೆ ನೋಡುತ್ತಿದ್ದ ರೂಢಿ ಅದು, ಕಂಪ್ಯೂಟರಿಗೂ ಮುಂದುವರಿದಿತ್ತು. ಹಿಂದೊಮ್ಮೆ ಒಬ್ಬರೇ ಕೂತು ಅವಸರದಲ್ಲಿ ಹೊಡೆದ ಅರ್ಜಿಯೊಂದರಲ್ಲಿ ಒಬ್ಬ ಹೆಂಗಸಿನ ಹೆಸರಿದ್ದ ಸಾಲೇ ಬಿಟ್ಟುಹೋಗಿತ್ತಂತೆ. ತಿಳಿದ ಕೂಡಲೇ ಬಸ್ ಹಿಡಿದು ಇಂಡಿ ಪಟ್ಟಣದ ಕಚೇರಿಯವರೆಗೆ ಹೋಗಿದ್ದರಂತೆ. ಹೋಗಿ ಏನಾಯಿತೆಂದು ಹೇಳುತ್ತಿರಲಿಲ್ಲ. "ಬಿಟ್ಟದ್ದು ಕಣ್ಣಿಗೆ ಕಾಣೂದಿಲ್ಲವಾ ತಂಗಿ, ಕಿವಿಗೆ ಗೊತ್ತಾಗತೈತಿ" ಎನ್ನುತ್ತಿದ್ದರು, ಅಷ್ಟೆ.

ಆ ದನಿಯನ್ನು ನಾನು ಮೊದಲು ಕೇಳಿದ್ದು ಒಂದು ಮಂಗಳವಾರ. ನಾಲ್ಕು ಹುಡುಗಿಯರು ಅಭ್ಯಾಸ ಮಾಡುತ್ತಿದ್ದರು. ಕಿಟಕಿಯ ಕೆಳಗಿನ ಮೇಜಿನ ಮೇಲೆ, ಯಾರೂ ಮುಟ್ಟದ ಹಳೆಯ ಕಪ್ಪು ಲ್ಯಾಪ್‌ಟಾಪ್ ಅರ್ಧ ಮುಚ್ಚಿದಂತೆ ಇರುತ್ತಿತ್ತು. ತನ್ನಷ್ಟಕ್ಕೆ ಅದರ ಫ್ಯಾನು ತಿರುಗಿತು. ಮುಚ್ಚಳದ ಸಂದಿಯಿಂದ ನೀಲಿ ಬೆಳಕು ಮೇಜಿನ ಮೇಲೆ ಬಿತ್ತು. ಆಮೇಲೆ ಗಂಡಸಿನ ದನಿ:

"ಅಕ್ಕಾ, ನಾಕೂ ಹತ್ತಾತು. ಗುಳಿಗಿ ನುಂಗಿದ್ಯೋ ಇಲ್ಲೋ?"

"ನುಂಗೇನಪಾ, ನುಂಗೇನಿ," ಎಂದರು ಅಕ್ಕೋರು, ತಲೆ ಎತ್ತದೆ. ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಬೆಳಕು ಆರಿತು.

ನಾನು ಆ ದನಿಯ ಗುರುತು ಹಿಡಿದಿದ್ದೆ. ಅದು ಅವರ ತಮ್ಮನದು. ನಾವೆಲ್ಲ 'ಸರ' ಎಂದು ಕರೆಯುತ್ತಿದ್ದವರು. ಕಾಮಾಲೆಯಾಗಿ ಅವರು ತೀರಿಕೊಂಡು ಆಗ ಒಂದು ವರ್ಷ ದಾಟಿತ್ತು.

ಹುಡುಗಿಯರು ಹೋದ ಮೇಲೆ ಅಕ್ಕೋರೇ ಹೇಳಿದರು. ಸಿಂದಗಿ, ತಾಂಬಾ ಕಡೆಯ ಶಾಲೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಸರ ವಾರಗಟ್ಟಲೆ ಹೋಗುತ್ತಿದ್ದರು. ಅಕ್ಕೋರಿಗೆ ಎದೆಯ ತೊಂದರೆ, ಸಂಜೆಯ ಗುಳಿಗೆ ತಪ್ಪುವಂತಿಲ್ಲ. ಪಾಠದ ಗದ್ದಲದಲ್ಲಿ ಮರೆತು ಒಮ್ಮೆ ಮೆಟ್ಟಿಲ ಮೇಲೆಯೇ ಕುಸಿದಿದ್ದರು. ಅದಾದ ಮೇಲೆ ಸರ ತಮ್ಮ ದನಿಯನ್ನು ತುಂಬಿಸಿ, ದಿನವೂ ಆ ಹೊತ್ತಿಗೆ ಲ್ಯಾಪ್‌ಟಾಪ್ ತಾನೇ ಎದ್ದು ಕೇಳುವಂತೆ ಮಾಡಿಟ್ಟಿದ್ದರು. ಅಕ್ಕೋರ ಬಳಿ ತಮ್ಮನ ದನಿ ಉಳಿದದ್ದು ಆ ಐದು ಸೆಕೆಂಡು ಮಾತ್ರ. ಬೇರೆಲ್ಲೂ ಇರಲಿಲ್ಲ.

ಮುಂದಿನ ವರ್ಷ ದನಿ ತಡವಾಗತೊಡಗಿತು. ಮೊದಲು ನಾಲ್ಕೂ ಹನ್ನೆರಡು, ಆಮೇಲೆ ನಾಲ್ಕೂ ಇಪ್ಪತ್ತು. ಕೆಲವು ದಿನ "ಅಕ್... ಅಕ್... ಅಕ್ಕಾ" ಎಂದು ತೊದಲುತ್ತಿತ್ತು. ಲ್ಯಾಪ್‌ಟಾಪ್ ಹಳೆಯದಾಗಿತ್ತು. ಕೆಳಗಿನ ಝೆರಾಕ್ಸ್ ಕಾಕಾ ಚಹಾ ಕೊಡಲು ಬಂದಾಗ ನಗುತ್ತಿದ್ದ: "ಅಕ್ಕೋರ, ನಿಮ್ಮ ಲ್ಯಾಪ್‌ಟಾಪ್ ಚಾಲೂ ಆಗೂದ್ರಾಗ ನಾ ಬಾಗೇವಾಡಿಗಿ ಹೋಗಿ ಊಟಾ ಮಾಡಿ ಬರ್ತೇನ್ರಿ."

"ಹೋಗಿ ಅಲ್ಲೇ ಇರು ಮಾರಾಯಾ, ಇಲ್ಲಿ ಝೆರಾಕ್ಸ್ ಎಲ್ಲಾ ಕರ್ರಗ ಬರಾಕತ್ತಾವು."

ಅವನು ಹೋದ ಮೇಲೆ ನನ್ನತ್ತ ತಿರುಗಿದರು. ಹೆಬ್ಬೆರಳು ತಿಕ್ಕುತ್ತಿದ್ದರು. "ತಂಗಿ, ಅವನ ದನಿ ಹಿಂದ ಬೀಳಾಕತ್ತೈತಿ. ನಡಕೋತ ದೂರ ಹೋದಾವ ಮಾತಾಡ್ದಂಗ ಕೇಳಸ್ತೈತಿ. ಸಿಸ್ಟಮ್ ಫೈಲ್ ಕಸಾ ತಗದ್ರ ಲ್ಯಾಪ್‌ಟಾಪ್ ಲಗೂ ಓಡ್ತೈತಿ ಅಂತಾರಲ್ಲ, ಖರೇನ ಓಡ್ತೈತೇನು?"

"ಓಡ್ತೈತ್ರಿ ಅಕ್ಕೋರ," ಎಂದೆ. ಅಂತರ್ಜಾಲದಲ್ಲಿ ಎರಡು ವಿಡಿಯೋ ನೋಡಿದ್ದೆ. ಅಷ್ಟರ ಮೇಲೆ ಅಷ್ಟು ಖಚಿತವಾಗಿ ಹೇಳಿದ್ದೆ.

"ಹಂಗಾರ ನಾಳೆ ಇಬ್ಬರೂ ಕೂತು ಓದಿ ತಗ್ಯೂಣು."

ಮರುದಿನ ಪರೀಕ್ಷೆಯ ಅರ್ಜಿಗಳ ಕೆಲಸಕ್ಕೆ ಅವರು ವಿಜಯಪುರಕ್ಕೆ ಹೋಗಬೇಕಾಯಿತು. ಬರುವಷ್ಟರಲ್ಲಿ ಮುಗಿಸಿಟ್ಟು ಅವರನ್ನು ಸಂತೋಷಪಡಿಸಬೇಕೆಂದುಕೊಂಡೆ. ಬೆಳಿಗ್ಗೆ ಒಬ್ಬಳೇ ಕೂತೆ. ಮೊದಲು ಗಡಿಯಾರ ಹಿಡಿದು ನೋಡಿದೆ: ಲ್ಯಾಪ್‌ಟಾಪ್ ಪೂರ್ತಿ ಚಾಲೂ ಆಗಲು ನಾಲ್ಕು ನಿಮಿಷ ಐವತ್ತು ಸೆಕೆಂಡು. ತಾತ್ಕಾಲಿಕ ಕಡತಗಳು, ಹಳೆಯ ಅಪ್‌ಡೇಟುಗಳ ಉಳಿಕೆ, ಎಲ್ಲದರ ಮುಂದೆ ಗುರುತು ಹಾಕಿ ಅಳಿಸಿದೆ. ಹನ್ನೊಂದು ಜಿಬಿ ಹೋಯಿತು. ಖಾಲಿಯಾದ ಜಾಗದಲ್ಲಿ ಬಾಕಿ ಉಳಿದಿದ್ದ ಹೊಸ ಅಪ್‌ಡೇಟನ್ನೂ ಹಾಕಿದೆ. ಮತ್ತೆ ಗಡಿಯಾರ ಹಿಡಿದೆ. ನಾಲ್ಕು ನಿಮಿಷ ನಲವತ್ತೆರಡು ಸೆಕೆಂಡು. ಅಷ್ಟೆಲ್ಲ ಕಸ ತೆಗೆದು ಗಳಿಸಿದ್ದು ಎಂಟು ಸೆಕೆಂಡು.

ಅದು ಏಕೆ ಹಾಗೆಂದು ಈಗ ಗೊತ್ತು. ಡಿಸ್ಕ್ ತುಂಬಿ ಉಸಿರು ಕಟ್ಟಿದ್ದರೆ ಕಸ ತೆಗೆಯುವುದರಿಂದ ತುಸು ಹಗುರವಾಗುತ್ತದೆ. ಡಿಸ್ಕಿಗೇ ವಯಸ್ಸಾಗಿದ್ದರೆ ಏನೂ ಆಗುವುದಿಲ್ಲ. ಈ ಲ್ಯಾಪ್‌ಟಾಪಿನ ಡಿಸ್ಕಿಗೆ ವಯಸ್ಸಾಗಿತ್ತು.

ಅಂದು ಅಕ್ಕೋರು ಮೂರಕ್ಕೇ ಮರಳಿದರು. ನಾಲ್ಕೂ ಹತ್ತಕ್ಕೆ ಫ್ಯಾನು ತಿರುಗಿತು. ನೀಲಿ ಬೆಳಕು ಬಿತ್ತು. ನಾನು ಕಾದೆ. ದನಿ ಬರಲಿಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲಿ ನಿಂತಿದ್ದವಳು ಬಗ್ಗಿ ಸಂದಿಯಲ್ಲಿ ನೋಡಿದೆ. ಪರದೆಯ ಮೇಲೆ ಒಂದು ಸಣ್ಣ ಚೌಕ: ಕಡತ ಸಿಗುತ್ತಿಲ್ಲ.

ಕೆಳಗೆ ಕಡತದ ವಿಳಾಸವಿತ್ತು, ಬೆಳಿಗ್ಗೆ ನಾನು ಖಾಲಿ ಮಾಡಿದ ಜಾಗದ್ದೇ. ಹುಡುಗಿಯರು ಸಿಕ್ಕಿದ್ದನ್ನೆಲ್ಲ ಅಳಿಸುತ್ತಾರೆಂದು, ಯಾರೂ ಹುಡುಕದ ಜಾಗವೆಂದು, ಸರ ತಮ್ಮ ದನಿಯನ್ನು ಕಸದ ಕಡತಗಳ ನಡುವೆ ಅಡಗಿಸಿಟ್ಟಿದ್ದರು. ಒಂದು ಹೆಸರನ್ನೂ ಓದದೆ ನಾನು ಅದನ್ನು ಗುಡಿಸಿಬಿಟ್ಟಿದ್ದೆ.

ಆಗ ಅಕ್ಕೋರು ತಲೆ ಎತ್ತದೆ ಹೇಳಿದರು: "ನುಂಗೇನಪಾ, ನುಂಗೇನಿ."

ಗುಳಿಗೆ ನುಂಗಿ, ನೀರು ಕುಡಿದು, ನನ್ನನ್ನು ನೋಡಿ ನಕ್ಕರು. "ಬರೊಬ್ಬರಿ ಹೊತ್ತಿಗಿ ಬಂದ ನೋಡು ಇವತ್ತ. ತೊದಲಲೇ ಇಲ್ಲ. ನಿನ್ನ ಕೈಗುಣಾ ಛಲೋ ಐತಿ ತಂಗಿ."

ಕೀಬೋರ್ಡಿನ ಮುಂದಿದ್ದ ಹುಡುಗಿಯರು ತಮ್ಮ ಪಾಡಿಗೆ ಬಡಿಯುತ್ತಿದ್ದರು. ಯಾರಿಗೂ ಏನೂ ಬೇರೆ ಅನಿಸಿದಂತೆ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಮಾರುಕಟ್ಟೆಗೆ ಹೋದಾಗ, ಅಳಿಸಿದ್ದನ್ನು ಮರಳಿ ಹುಡುಕುವ ತಂತ್ರಾಂಶವನ್ನು ಓಡಿಸಿದೆ. ಕಡತದ ಹೆಸರು ಸಿಕ್ಕಿತು: 'ಅಕ್ಕ'. ಒಳಗೆ ಏನೂ ಇರಲಿಲ್ಲ. ಅದಿದ್ದ ಜಾಗದ ಮೇಲೆ ನಾನೇ ಹಾಕಿದ ಅಪ್‌ಡೇಟ್ ಕೂತಿತ್ತು.

ಒಂದು ತಿಂಗಳು ಬಾಯಿ ಬಿಡಲಿಲ್ಲ. ದಿನವೂ ಆ ಬೆಳಕು, ಆ ಮೌನ, ಆಮೇಲೆ ಅವರ ಉತ್ತರ. ನಾನು ಸೆಕೆಂಡುಗಳನ್ನು ಎಣಿಸುತ್ತಿದ್ದೆ. ಬೆಳಕು ಬಿದ್ದ ಮೇಲೆ ಅವರು ಸುಮ್ಮನಿರುತ್ತಿದ್ದದ್ದು ಪ್ರತಿ ಸಲವೂ ಐದೇ ಸೆಕೆಂಡು. ಒಂದು ದಿನ ಮಾತ್ರ ಏಳಾಯಿತು. ಉತ್ತರ ಕೊಡುವ ಬದಲು ಅವರು ಮೊದಲು ಸಣ್ಣಗೆ ನಕ್ಕು, "ಹೋಗೋ, ನಿಂದೊಂದು" ಎಂದರು. ಐದು ಸೆಕೆಂಡಿನ ಆ ಮಾತಿನಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಹೊಸದೇನನ್ನೋ ಕೇಳಿದವರಂತೆ ನಕ್ಕಿದ್ದರು.

ಅಂದು ಹುಡುಗಿಯರು ಹೋಗುವವರೆಗೆ ಕಾದು, ನಡೆದದ್ದನ್ನೆಲ್ಲ ಹೇಳಿದೆ. ದನಿ ಇದ್ದ ಕಡತ ಹೋಗಿದೆ ಎಂದೆ, ಓದದೆ ಅಳಿಸಿದೆ ಎಂದೆ. ಅವರು ಹೆಬ್ಬೆರಳು ತಿಕ್ಕುತ್ತ ಕೇಳಿಸಿಕೊಂಡರು.

"ಗೊತ್ತೈತಿ. ಅವತ್ತ ಸಂಜೀಕ ಮುಚ್ಚಳಾ ತಗದು ನೋಡೀನಿ. ಸಿಟ್ಟ ಬಂತು. ನಿನ್ನ ಕಪಾಳಕ್ಕ ಹೊಡೀಬೇಕಂದಿದ್ದೆ."

"ಯಾಕ ಅನ್ನಲಿಲ್ರಿ?"

"ಏನಂತ ಅನ್ನಲಿ? ಫೈಲ್ ಹೋಗೇತಿ. ದನಿ ಬರೂದು ನಿಂತಿಲ್ಲ." ನನ್ನತ್ತ ನೋಡಿ, "ನಿಂಗ ಕೇಳಸೂದಿಲ್ಲೇನು?"

"ಇಲ್ರಿ."

"ಛಲೋ ಆತು ಬಿಡು. ಫೈಲ್ ಇಲ್ಲಂತ ಗೊತ್ತಾದ ಮ್ಯಾಲ ಎರಡು ದಿನ ನಂಗೂ ಅಂಜಿಕಿ ಬಂದಿತ್ತು. ಆಮ್ಯಾಲ, ನನ್ನ ತಮ್ಮನ ಅಲ್ಲೇನು, ಹೆದರಿ ಏನ್ ಮಾಡ್ಲಿ ಅಂತ ಬಿಟ್ಟೆ."

ನಾನು ಅಳುತ್ತಿದ್ದೆ. ಅವರು ಅದನ್ನು ನೋಡದವರಂತೆ ಎದ್ದು ಚಹಾಕ್ಕೆ ಇಟ್ಟರು. ಒಲೆಯ ಬಳಿಯಿಂದಲೇ ಹೇಳಿದರು: "ಕಸಾ ಹೊಡದ್ರ ಮನಿ ದೊಡ್ಡದಾಗೂದಿಲ್ಲವಾ, ಕಾಲಿಡಾಕ ಜಾಗ ಆಗತೈತಿ ಅಷ್ಟ. ನೀ ತಿಳೀದ ಮಾಡಿದಿ. ಈಗ ತಿಳಕೊಂಡು ಒಂದು ಕೆಲಸಾ ಮಾಡು. ನಾ ಹೋದ ಮ್ಯಾಲ ಅದು ಏಳೂದನ್ನ ಬಂದ್ ಮಾಡಬೇಕು. ಖಾಲಿ ಖೋಲ್ಯಾಗ ಅವ ನನ್ನ ಕೇಳ್ಕೋತ ಕುಂದ್ರಬಾರದು. ಮಾಡ್ತೀಯಿಲ್ಲ?"

"ಮಾಡ್ತೇನ್ರಿ."

ಆಮೇಲೆ ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿ ಓದಿಸುವುದನ್ನೂ ಬಿಡಲಿಲ್ಲ. ಯಾವ ಕಾಗದಕ್ಕೂ ಸಹಿ ಮಾಡುವ ಮೊದಲು ನಾನಿಂದು ಅದನ್ನು ಗಟ್ಟಿಯಾಗಿ ಓದುತ್ತೇನೆ. ಕಾಲೇಜಿನಲ್ಲಿ ನಗುತ್ತಾರೆ. ಒಬ್ಬ ವಿದ್ಯಾರ್ಥಿನಿಯ ಅಂಕ ತಪ್ಪಾಗಿ ಹೋಗುವುದನ್ನು ಆ ಓದು ಒಮ್ಮೆ ತಡೆದಿದೆ.

ಈ ವರ್ಷದ ಬೇಸಿಗೆಯಲ್ಲಿ ಅವರ ಎದೆ ಪೂರ್ತಿ ಸೋತಿತು. ವಿಜಯಪುರದ ಆಸ್ಪತ್ರೆಯಲ್ಲಿ ಎರಡು ದಿನವಿದ್ದು, ಮೂರನೆಯ ದಿನ ನಸುಕಿನಲ್ಲಿ ತೀರಿಕೊಂಡರು. ಗುಳಿಗೆ ತಪ್ಪಿಸಿದ್ದರೇ ಎಂದು ಡಾಕ್ಟರು ಕೇಳಿದರು. ಒಂದೂ ತಪ್ಪಿಸಿರಲಿಲ್ಲ. ಅವರ ಹುಟ್ಟೂರು ಮನಗೂಳಿ, ವಿಜಯಪುರದಿಂದ ಬರುವ ದಾರಿಯಲ್ಲೇ. ಅಲ್ಲಿನ ಹೊಲದಲ್ಲಿ, ತಮ್ಮನ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಪರಿಚಯದವರಿಗೆಲ್ಲ ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವರ ಫೋನಿನಲ್ಲಿದ್ದ ಒಂದೊಂದೇ ಹೆಸರಿಗೆ ಕರೆ ಮಾಡಿ, ಎಲ್ಲರಿಗೂ ಒಂದೇ ವಾಕ್ಯ ಹೇಳಿದೆ. ಮಣ್ಣು ಮುಗಿಯುವಾಗ ನಾಲ್ಕು ಗಂಟೆ ದಾಟಿತ್ತು. ಖೋಲಿಯ ಎರಡು ಕೀಲಿಗಳೂ ನನ್ನ ಚೀಲದಲ್ಲಿದ್ದವು.

ಸಂಜೆ ಮುದ್ದೇಬಿಹಾಳದಲ್ಲಿ ಬಸ್ಸಿಳಿದು ಓಣಿಗೆ ಬಂದೆ. ಝೆರಾಕ್ಸ್ ಕಾಕಾ ಅಂಗಡಿಯ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗೆ ಯಂತ್ರ ಆರಿತ್ತು.

"ಮುಗೀತೇನ್ ತಂಗಿ ಎಲ್ಲಾ?"

"ಮುಗೀತ್ರಿ ಕಾಕಾ."

"ನಾಕ ಗಂಟೇಕ ಮ್ಯಾಲೆ ಯಾರರ ಬಂದಿದ್ರೇನು?"

"ಇಲ್ರಿ. ಕೀಲಿ ನನ್ನ ಕಡೆ ಅದಾವು."

ಅವನು ಟವೆಲ್ಲಿನಿಂದ ಕತ್ತು ಒರೆಸಿಕೊಂಡ. "ಗಂಡಸಿನ ದನಿ ಕೇಳಸ್ತು. ಇಷ್ಟ ವರ್ಷ ಮ್ಯಾಲಿನ ಮಾತು ಎಂದೂ ಕೆಳಗ ಕೇಳಿಸಿದ್ದಿಲ್ಲ. ಮೂರ್ನಾಕ ಸಲ ಕೇಳಸ್ತು, ಒಂದ ಮಾತು. ಕಡೀಕ ಕಡೀಕ ಜೋರಾತು. ಯಾರನ್ನೋ ಕೇಳಾಕತ್ತಾರ, ಅವರು ಹೇಳವಲ್ರು, ಹಂಗ." ನನ್ನ ಮುಖ ನೋಡದೆ ಹೇಳಿದ: "ದನಿ ಗುರ್ತಿಂದ ಇತ್ತವಾ. ಹೋಗ್ಲಿ ಬಿಡು. ಈಗ ಮ್ಯಾಲೆ ಹೋಗಬ್ಯಾಡ."

ಹೋಗಲಿಲ್ಲ. ಮನೆಗೆ ಬಂದೆ. ಅವನಿಗೆ ಕಡತ ಅಳಿಸಿಹೋದ ವಿಷಯ ಗೊತ್ತಿರಲಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಇದಕ್ಕಿಂತ ಹೆಚ್ಚು ನನಗೆ ತಿಳಿಯದು.

ಮರುದಿನ ಬೆಳಿಗ್ಗೆ ಏಳಕ್ಕೆ ಹೋಗಿ ಬಾಗಿಲು ತೆಗೆದೆ. ಕಿಟಕಿಗಳನ್ನೂ ತೆಗೆದೆ. ಲ್ಯಾಪ್‌ಟಾಪಿನ ಮುಚ್ಚಳ ಪೂರ್ತಿ ಎತ್ತಿ, ಅದರ ಎದುರು ಕುರ್ಚಿ ಎಳೆದುಕೊಂಡು ಕೂತೆ. ಅದು ಏಳಲು ತನ್ನ ಹೊತ್ತನ್ನು ತೆಗೆದುಕೊಂಡಿತು. ಆಮೇಲೆ, ಹಿಂದಿನ ದಿನ ಎಲ್ಲರಿಗೂ ಹೇಳಿದ ದನಿಯಲ್ಲೇ ಹೇಳಿದೆ: "ಸರ, ಅಕ್ಕೋರು ತೀರಿಕೊಂಡಾರ್ರಿ. ನಿನ್ನೆ ಮನಗೂಳ್ಯಾಗ ಮಣ್ಣಾತು. ನಿಮ್ಮ ಬಾಜೂಕ ಮಲಗ್ಯಾರ."

ಕೇಳಿದವರೊಬ್ಬರು ಸಾವರಿಸಿಕೊಳ್ಳುವಷ್ಟು ಹೊತ್ತು ಕಾದೆ. ಆಮೇಲೆ ನಾಲ್ಕೂ ಹತ್ತಕ್ಕೆ ಅದನ್ನು ಎಬ್ಬಿಸುತ್ತಿದ್ದ ಏರ್ಪಾಡನ್ನು ನಿಲ್ಲಿಸಿ, ಲ್ಯಾಪ್‌ಟಾಪ್ ಆರಿಸಿ, ಅದರ ವೈರು ಕಿತ್ತು ಸುತ್ತಿಟ್ಟೆ.