ನೀರು ಇಲ್ಲೆ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬರುವ ಬಸ್ಸಿನಲ್ಲಿ ಭರಣಿ ನನ್ನ ತೊಡೆಯ ಮೇಲಿತ್ತು. ಅಥವಾ ಕಾಲ ಬುಡದಲ್ಲಿತ್ತೇನೋ. ತೊಡೆಯ ಮೇಲೆ ಎಂದರೆ ಒಳ್ಳೆಯ ಮಗಳಂತೆ ಕಾಣುತ್ತೇನೆ, ಹಾಗಾಗಿ ಆ ನೆನಪಿನ ಮೇಲೆ ನನಗೇ ಅನುಮಾನ. ಬಸ್ಸು ದಾರಿಯುದ್ದಕ್ಕೂ ಕುಣಿದದ್ದು ಮಾತ್ರ ಖಂಡಿತ.

ಭರಣಿಯಲ್ಲಿದ್ದದ್ದು ಅಮ್ಮ ಹಾಕಿದ ಮಾವಿನ ಮಿಡಿ ಉಪ್ಪಿನಕಾಯಿ. ನನ್ನ ಮದುವೆಯಾದ ಮೇಲೆ ಅತ್ತೆಮನೆಗೆ ಅವಳು ಕಳಿಸಿದ ಮೊದಲ ಭರಣಿ. ಮರುದಿನ ಅತ್ತೆಯ ಭಜನಾ ಮಂಡಳಿಯ ಗೆಳತಿಯರು ಊಟಕ್ಕೆ ಬರುವವರಿದ್ದರು. ಬೀಗಿತ್ತಿಯ ಕೈಯ ಮಿಡಿ ಬಡಿಸುತ್ತೇನೆಂದು ಅತ್ತೆ ಊರಿಗೆಲ್ಲ ಸಾರಿಯಾಗಿತ್ತು.

ಮುಚ್ಚಳ ತೆಗೆದು ಭರಣಿ ಓರೆ ಮಾಡಿದರು. ಖಾರ ಸರ್ರನೆ ಈಚೆ ಬಂತು.

"ಎಂತದೇ ಇದು? ಸಾರಿನ ಥರ ಹರೀತಿದೆ. ನಿಮ್ಮಮ್ಮ ಒದ್ದೆ ಸೌಟು ಹಾಕಿದಾರೆ."

ನಮ್ಮ ಕಡೆ ಇದು ಸಣ್ಣ ಆರೋಪವಲ್ಲ. ಮಿಡಿ ಭರಣಿಗೆ ಒದ್ದೆ ಸೌಟು ಇಳಿಸಿದವಳು ಎಂದು ಹೆಸರು ಬಿದ್ದರೆ, ಅವಳ ತಿಥಿಯ ಊಟದಲ್ಲೂ ಅದನ್ನೇ ನೆನೆಯುತ್ತಾರೆ. ಭಜನಾ ಮಂಡಳಿಗೆ ಸುದ್ದಿ ಸಿಕ್ಕರಂತೂ ಮುಗಿಯಿತು. ತಕ್ಷಣ ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಎಂತ ಹೇಳ್ತೆ ಕೂಸೆ? ಆನು ಒಂದು ಹನಿ ಹಾಕಿದ್ನಿಲ್ಲೆ. ಅದ್ರಲ್ಲಿ ನೀರು ಇಲ್ಲೆ!"

"ಕೇಳಿದ್ಯಾ?" ಎಂದರು ಅತ್ತೆ. "ನೀರು ಇಲ್ಲೇ ಇದೆ ಅಂತ ಅವರೇ ಒಪ್ಕೊಂಡ್ರು."

ನಮ್ಮ ತೋಟದ ಮನೆಗಳ ಮಾತಿನಲ್ಲಿ 'ಇಲ್ಲೆ' ಎಂದರೆ ಇಲ್ಲ. ಅತ್ತೆಯ ಮಾತಿನಲ್ಲಿ ಅದು ಇಲ್ಲಿಯೇ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲವೋ, ಗೊತ್ತಿಲ್ಲದಂತೆ ನಟಿಸಿದರೋ, ಇವತ್ತಿಗೂ ಹೇಳಲಾರೆ. ಕಣ್ಣು ಮಾತ್ರ ನಗುತ್ತಿತ್ತು. ಅದನ್ನೂ ಆಮೇಲೆ ನಾನೇ ಸೇರಿಸಿರಬಹುದು.

ನನ್ನ ಕೆಲಸ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ. ಬಣ್ಣ ಡಬ್ಬದಲ್ಲಿ ಗಟ್ಟಿಯಾಗಿರಬೇಕು, ಬ್ರಷ್ಷಿನಡಿ ತೆಳ್ಳಗಾಗಬೇಕು, ಗೋಡೆಯ ಮೇಲೆ ಸೋರುವ ಮೊದಲೇ ಮತ್ತೆ ಗಟ್ಟಿಯಾಗಬೇಕು. ಯಂತ್ರದ ಕಡ್ಡಿಯನ್ನು ಬಣ್ಣದೊಳಗೆ ತಿರುಗಿಸಿ ಎಷ್ಟು ತಡೆಯುತ್ತದೆಂದು ಅಳೆಯುತ್ತೇವೆ. ನಿಲ್ಲಿಸಿ, ಸುಮ್ಮನೆ ಬಿಟ್ಟು, ಮತ್ತೆ ಅಳೆಯುತ್ತೇವೆ.

"ಅತ್ತೆ, ಅರೆದ ಸಾಸಿವೆಯೂ ಬಣ್ಣದ ಹಾಗೇ. ಬಸ್ಸಲ್ಲಿ ಕುಲುಕಿ ತೆಳ್ಳಗಾಗಿದೆ. ಸುಮ್ನೆ ಬಿಟ್ರೆ ಗಟ್ಟಿಯಾಗತ್ತೆ."

"ಓಹೋ. ಅದಕ್ಕೊಂದು ಹೆಸರೂ ಇದ್ಯೋ?"

"ಥಿಕ್ಸೋಟ್ರೋಪಿ."

"ಟೋಪಿ! ನೀನೇ ಬಾಯಿಬಿಟ್ಟು ಹೇಳ್ದೆ ನೋಡು. ನಂಗೇ ಹಾಕ್ತಿದೀಯ."

ಮನೆಯಲ್ಲಿ ಯಂತ್ರವಿಲ್ಲ. ಒಂದು ಚಮಚವನ್ನು ಅತ್ತೆಯ ಕಣ್ಣೆದುರೇ ಸೆರಗಿನಿಂದ ಒರೆಸಿ ಖಾರದಲ್ಲಿ ನೆಟ್ಟೆ. ವಾಲಿತು, ಬಿತ್ತು. ಬೆಳಿಗ್ಗೆ ಚಮಚ ನಿಂತರೆ ಅಮ್ಮನ ಮಿಡಿ ಎಲೆಗೆ ಬರುತ್ತದೆ, ಬಿದ್ದರೆ ಪಕ್ಕದ ಮನೆಯ ನಿಂಬೆಕಾಯಿ. ಹಾಗೆಂದು ಒಪ್ಪಂದವಾಯಿತು.

ಆದರೆ ಅತ್ತೆ ಸುಮ್ಮನಿರಬೇಕಲ್ಲ! ನೀರು ಕುಡಿಯಲು ಬಂದರೆ ಒಮ್ಮೆ ಕಲಕುತ್ತಾರೆ, ಬೆಕ್ಕು ಓಡಿಸಲು ಬಂದರೆ ಮತ್ತೊಮ್ಮೆ.

"ಎಂತಕ್ಕೆ ಕಲಕ್ತೀರಿ ಅತ್ತೆ?"

"ಗಟ್ಟಿಯಾಯ್ತಾ ಅಂತ ನೋಡ್ದೆ. ಆಗಿಲ್ಲ."

ಕಲಕಿ ನೋಡಿದ್ದಕ್ಕೇ ಗಟ್ಟಿಯಾಗಿಲ್ಲ ಎಂದು ಹೇಗೆ ತಿಳಿಸುವುದು? ತಿಳಿಸಲಿಲ್ಲ. ಸ್ವಲ್ಪ ಖಾರವನ್ನು ಒಂದು ಬಟ್ಟಲಿಗೆ ಬಗ್ಗಿಸಿ, ಚಮಚದ ಸಮೇತ ಅಡುಗೆ ಕಟ್ಟೆಯ ಮೇಲೆ, ಅವರ ಕೈಗೆ ಸಿಗುವ ಹಾಗೆ ಇಟ್ಟೆ. ಭರಣಿಯನ್ನು ನನ್ನ ಬೀರುವಿನಲ್ಲಿ, ಧಾರೆ ಸೀರೆಯ ಪಕ್ಕ ಬಚ್ಚಿಟ್ಟೆ. ಅತ್ತೆ ಸಂಜೆಯಿಡೀ ನೆಮ್ಮದಿಯಾಗಿ ಬಟ್ಟಲು ಕಲಕಿಕೊಂಡಿದ್ದರು.

ಬೆಳಿಗ್ಗೆ ಎದ್ದವರೇ ಮತ್ತೊಮ್ಮೆ ಕಲಕಿದರು. ಬಟ್ಟಲಿನ ಚಮಚ ಬಿತ್ತು. ನಾನು ಭರಣಿ ತಂದು ಇನ್ನೊಂದು ಚಮಚ ನೆಟ್ಟೆ. ಅದು ಕಾವಲುಗಾರನಂತೆ ನಿಂತೇ ನಿಂತಿತು. ಅತ್ತೆ ಒಂದು ಸಲ ಚಮಚ ನೋಡಿದರು, ಒಂದು ಸಲ ನನ್ನನ್ನು ನೋಡಿದರು.

"ಎಲ್ಲಿಟ್ಟಿದ್ದೆ?"

"ಬೀರುವಿನಲ್ಲಿ."

"ಸೀರೆ ಇಂಗು ನಾರ್ತಿರತ್ತೆ, ಹೋಗಿ ಹರವು." ಸೋಲನ್ನು ಒಪ್ಪಿದ್ದು ಇಷ್ಟೇ ಮಾತಿನಲ್ಲಿ.

ಇಲ್ಲಿ ಮನುಷ್ಯರ ಮನಸ್ಸೂ ಹೀಗೆಯೇ ಎಂದು ಬರೆಯಲು ಕೈ ತುರಿಸುತ್ತಿದೆ. ಬರೆಯುವುದಿಲ್ಲ. ಉಪ್ಪಿನಕಾಯಿ ಉಪ್ಪಿನಕಾಯಿಯೇ ಆಗಿರಲಿ.

ಮಧ್ಯಾಹ್ನದ ಪಂಕ್ತಿಯಲ್ಲಿ ಬಡಿಸಿದ್ದು ಅಮ್ಮನ ಮಿಡಿಯನ್ನೇ. ಬಡಿಸಿದವರು ಅತ್ತೆ. ಬಡಿಸುವ ಸಂಭ್ರಮದಲ್ಲಿ ಎಲೆಯಿಂದ ಎಲೆಗೆ ಗರಗರ ಕಲಕುತ್ತಲೇ ಹೋದರು. ಪಂಕ್ತಿಯ ತುದಿ ಮುಟ್ಟುವಾಗ ಖಾರ ಮತ್ತೆ ಹರಿಯುತ್ತಿತ್ತು. ತುದಿಯಲ್ಲಿ ಕೂತ, ಮಂಡಳಿಯಲ್ಲಿ ತಾಳ ಹಾಕುವ ಹೆಂಗಸು ಬೆರಳಲ್ಲಿ ಖಾರ ಸವರಿ ನೋಡಿದರು.

"ಸ್ವಲ್ಪ ನೀರಾದಂಗಿದೆ ಅಲ್ವಾ? ಒದ್ದೆ ಸೌಟು ಏನಾದ್ರೂ..."

ಅತ್ತೆ ಸೌಟು ಎತ್ತಿ ಹಿಡಿದು, ಸಾಕ್ಷಾತ್ ನನ್ನ ಅಮ್ಮನ ದನಿಯಲ್ಲಿ ಗದರಿದರು: "ನೀರು ಇಲ್ಲೆ!"

ಅತ್ತೆ ಬರೀ 'ಇಲ್ಲ' ಎಂದರಂತೆ, ನನ್ನ ಗಂಡನ ಪ್ರಕಾರ. ಅವನು ಆಗ ಹಿತ್ತಲಲ್ಲಿದ್ದ. ನಾನು ಅನ್ನದ ಪಾತ್ರೆ ಹಿಡಿದು ಅತ್ತೆಯ ಪಕ್ಕದಲ್ಲೇ ನಿಂತಿದ್ದೆ. ಅಲ್ಲದೆ, ಬರೀ 'ಇಲ್ಲ' ಎಂದಿದ್ದರೆ ತಾಳದ ಹೆಂಗಸು ಎಲೆಯ ಮೇಲೆ ಬಗ್ಗಿ, ಅತ್ತ ಇತ್ತ ಹುಡುಕಿ, ಹಾಗೆ ಕೇಳುತ್ತಿರಲಿಲ್ಲ:

"ಎಲ್ಲಿ?"