ಸೋಪಕ್ಕನ ಗೇಟು

ಸೀಸ ಕರಗಿಸುತ್ತಿದ್ದ ಹಳೆಯ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಅಲ್ಲಿನ ವಿಷದ ಮಣ್ಣನ್ನು ಅಗೆದು ಸಾಗಿಸುತ್ತಿದ್ದೇವೆ. ಹೊರಗೆ ಹೋಗುವವರ ಬೂಟು, ಲಾರಿಗಳ ಚಕ್ರ ತೊಳೆಯಲು ಗೇಟಿನಲ್ಲಿ ಪೈಪು ಹಿಡಿದು ನಿಂತವಳೇ ನಮ್ಮ ಸೋಪಕ್ಕ. "ಕಾಲೆತ್ತಿ ಸಾರ್, ಹಿಮ್ಮಡೀಲಿ ಇನ್ನೂ ಇದೆ" ಎಂದು ಇಂಜಿನಿಯರನ್ನೂ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಲ್ಲಿಸುತ್ತಾಳೆ. ಲಾರಿಯವನು ಹಾರ್ನ್ ಹೊಡೆದರೆ, "ಅರ್ಜೆಂಟಿದ್ರೆ ಲಾರಿ ಇಲ್ಲೇ ಬಿಟ್ಟು ಹೋಗಪ್ಪಾ" ಎನ್ನುತ್ತಾಳೆ. ಅವಳ ಬ್ರಶ್ಶಿಗೆ ನನ್ನ ಬೂಟಿನ ಬಣ್ಣವೇ ಹಾರಿಹೋಗಿದೆ. ಬೇಲಿ ನುಸುಳುವ ಬೆಕ್ಕನ್ನೂ ಬಿಟ್ಟವಳಲ್ಲ. ಮದುವೆಗೆ ಕರೆದರೆ ಮದುಮಗನ ಷೂ ಮಗುಚಿ ನೋಡಿಯಾಳು. ಅವಳ ಅಪ್ಪ ಇದೇ ಕಾರ್ಖಾನೆಯ ಕುಲುಮೆಯಲ್ಲಿ ದುಡಿದವನು. ಸಂಜೆ ಮನೆಗೆ ಬಂದವನೇ, ಅಂಗಿಯನ್ನೂ ಬಿಚ್ಚದೆ, ಅಂಬೆಗಾಲಿಟ್ಟು ಬರುವ ಮಗನನ್ನು ಎದೆಗೆ ಅವುಚಿಕೊಳ್ಳುತ್ತಿದ್ದನಂತೆ. ಆ ಅಂಗಿಯ ಧೂಳು ಏನೆಂದು ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ತಮ್ಮನ ತಲೆ ಈಗ ನರೆತಿದೆ. ಬುದ್ಧಿ ಮಾತ್ರ ಇನ್ನೂ ಮಗುವಿನದೇ. ಸೋಪಕ್ಕ ದಿನವೂ ಇಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಮನೆಗೆ ಹೋಗುತ್ತಾಳೆ. "ತೊಳ್ಕೊಂಡ್ಯಾ ಅಕ್ಕಾ?" ಎಂದು ಬಾಗಿಲಲ್ಲೇ ಕಾದಿರುವ ತಮ್ಮ ಕೇಳುತ್ತಾನೆ. ಅವಳು ಎರಡೂ ಅಂಗೈ ಚಾಚುತ್ತಾಳೆ. ಅವನು ಮೂಸಿ ನೋಡಿ, ಸೋಪಿನ ವಾಸನೆ ಬಂದ ಮೇಲೆಯೇ, ಅಪ್ಪಿಕೊಳ್ಳಲು ತೋಳು ಅಗಲಿಸುತ್ತಾನೆ.