ಹೋಗುವಾಗಲೂ ಬರುವಾಗಲೂ ಘರ್ಷಣೆ

ಮನೆಯಲ್ಲೊಬ್ಬ ವಿಜ್ಞಾನಿಯಿದ್ದರೆ ಮಕ್ಕಳಿಗೆ ಟ್ಯೂಷನ್ ಬೇಕಾಗುವುದಿಲ್ಲವೆಂದು ಲೋಕ ನಂಬಿದೆ. ಆ ನಂಬಿಕೆಯನ್ನು ಹರಡಿದವರಲ್ಲಿ ನಾನೂ ಒಬ್ಬನೆಂದು ತಪ್ಪೊಪ್ಪಿಕೊಂಡೇ ಮುಂದುವರಿಯುತ್ತೇನೆ. ಮೈಸೂರಿನವನಾದ ನಾನು ತಿರುವನಂತಪುರದ ಬಾಹ್ಯಾಕಾಶ ಕೇಂದ್ರವೊಂದರಲ್ಲಿ ನೌಕರ. ಹೆಂಡತಿ ಸುಮಾಳ ಕೆಲಸ ಕೊಚ್ಚಿಯಲ್ಲಿ. ಹದಿನಾರರ ಮಗಳು ಅನಘಾ ಅವಳೊಂದಿಗಿದ್ದಾಳೆ. ಪ್ರತಿ ಶನಿವಾರ ಕೊಚ್ಚಿಯ ವೈಟ್ಟಿಲದಲ್ಲಿ ಬಸ್ಸಿಳಿದು ಆಟೋ ಹತ್ತುವ ನಾನು, ಮನೆ ಮುಟ್ಟುವಷ್ಟರಲ್ಲಿ ತಂದೆಯ ಹುದ್ದೆಯಿಂದ ಇನ್‌ಸ್ಪೆಕ್ಟರನ ಹುದ್ದೆಗೆ ಬಡ್ತಿ ಪಡೆದಿರುತ್ತೇನೆ. ಮಗಳ ನೋಟ್‌ಬುಕ್ ತೆರೆದು ತಪ್ಪುಗಳಿಗೆ ಕೆಂಪು ಸುತ್ತು ಹಾಕಿ, ಇಷ್ಟೂ ತಿಳಿಯದೇ ಎಂದು ನಿಟ್ಟುಸಿರು ಬಿಡುವುದೇ ನನ್ನ ವಾರಾಂತ್ಯದ ವಾತ್ಸಲ್ಯ.

ಅನಘಾ ಕ್ರಮೇಣ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ನನ್ನ ಉದ್ದುದ್ದ ಕನ್ನಡಕ್ಕೆ ಮಲಯಾಳದ ಒಂದೆರಡು ಪದ ಉತ್ತರವಾಗಿ ಕೊಟ್ಟು ಕೋಣೆ ಸೇರುವಳು. ಅವಳು ವಿಜ್ಞಾನ ಬಿಟ್ಟು ಕಾಮರ್ಸಿಗೆ ಹೋಗಬೇಕೆಂದಿದ್ದಾಳೆಂದು ಸುಮಾ ಒಂದು ಶನಿವಾರ ತಿಳಿಸಿದಾಗ, ನನಗೆ ದುಃಖಕ್ಕಿಂತ ಮೊದಲು ಅವಮಾನವಾಯಿತು. ಆ ಮಧ್ಯಾಹ್ನವೇ ಮಗಳನ್ನು ಊಟದ ಮೇಜಿಗೆ ಕರೆದು, ಒಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ, ಸುಮ್ಮನೆ ನೋಡುತ್ತಿರು ಎಂದೆ.

ಅವಳ ಪುಸ್ತಕದ್ದೇ ಲೆಕ್ಕ. ಮೂವತ್ತು ಡಿಗ್ರಿಯ ಇಳಿಜಾರಿನಲ್ಲಿ ಮರದ ತುಂಡೊಂದನ್ನು ಮೇಲಕ್ಕೆ ತಳ್ಳಿದ್ದಾರೆ. ಅದು ಸ್ವಲ್ಪ ದೂರ ಏರಿ, ನಿಂತು, ಮತ್ತೆ ಜಾರಿ, ಹೊರಟಾಗಿನ ಅರ್ಧ ವೇಗದಲ್ಲಿ ಕೆಳಗೆ ಬಂದು ಮುಟ್ಟುತ್ತದೆ. ಘರ್ಷಣೆಯ ಗುಣಾಂಕವೆಷ್ಟು? ಹೊರಟ ಶಕ್ತಿಯಲ್ಲಿ ಮರಳಿದ ಶಕ್ತಿಯನ್ನು ಕಳೆದರೆ ಉಳಿದದ್ದು ಘರ್ಷಣೆ ನುಂಗಿದ್ದು ಎಂದು ಪ್ರವಚನ ಮಾಡುತ್ತ, ಪೆನ್ನನ್ನು ಲೀಲಾಜಾಲವಾಗಿ ಓಡಿಸಿ, ಒಂದೂಮುಕ್ಕಾಲರ ಆಸುಪಾಸಿನ ಉತ್ತರದ ಕೆಳಗೆ ಎರಡು ಗೆರೆ ಎಳೆದೆ.

ಅನಘಾ ಬಹಳ ಹೊತ್ತು ಹಾಳೆಯನ್ನೇ ನೋಡಿ, ಮಲಯಾಳದಲ್ಲಿ, "ಅದು ತಾಳೆ ವರಿಲ್ಲ," ಎಂದಳು. ಆಮೇಲೆ ತಾನೇ ಕನ್ನಡಕ್ಕೆ ತಿರುಗಿದಳು. "ಇಷ್ಟು ಘರ್ಷಣೆ ಇದ್ರೆ ಅದು ಕೆಳಗೆ ಬರೋದೇ ಇಲ್ಲ ಅಪ್ಪ. ಮೇಲೇ ನಿಂತುಬಿಡುತ್ತೆ. ನೀವು ಹೋಗೋ ದಾರಿ ಮಾತ್ರ ಲೆಕ್ಕ ಹಾಕಿದ್ದೀರ. ಬರುವಾಗಲೂ ಉಜ್ಜುತ್ತೆ ಅಲ್ವಾ?"

ರಾಕೆಟ್ಟಿನ ಪಥ ಲೆಕ್ಕಿಸುವ ನಾನು ಮೇಜಿನಷ್ಟುದ್ದದ ಪಥದಲ್ಲಿ ಮುಗ್ಗರಿಸಿದ್ದೆ. ದಬಾಯಿಸಲು ಬಾಯಿ ತೆರೆದವನು, ಯಾಕೋ ಮುಚ್ಚಿಕೊಂಡು, ಪೆನ್ನನ್ನು ಅವಳ ಕೈಗಿತ್ತೆ. ಅವಳು ದೂರವನ್ನು ಇಮ್ಮಡಿಸಿ, ನಿಧಾನವಾಗಿ, ಸೊನ್ನೆ ಬಿಂದು ಮೂರು ಐದಕ್ಕೆ ತಂದು ನಿಲ್ಲಿಸಿದಳು. ಪುಸ್ತಕದ ಕೊನೆಯ ಪುಟದಲ್ಲಿ ಅದೇ ಉತ್ತರವಿತ್ತು. ನನ್ನ ತಪ್ಪಿಗೆ ನಾನೇ ಕೆಂಪು ಸುತ್ತು ಹಾಕಿದಾಗ ಅವಳು ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ.

ಅನಂತರ ಎದ್ದು ಹೋಗಿ, ಬ್ಯಾಗಿನ ತಳದಿಂದ ಮಡಚಿದ ಉತ್ತರಪತ್ರಿಕೆಯೊಂದನ್ನು ತಂದಿಟ್ಟಳು. ನಪಾಸು. ತಪ್ಪು ಬರೆದದ್ದು ಕಡಿಮೆ. ನಾಲ್ಕು ಪ್ರಶ್ನೆಗಳ ಮುಂದೆ ಬರೀ ಬಿಳಿ ಹಾಳೆ. ಗೊತ್ತಿದ್ದೂ ಯಾಕೆ ಬಿಟ್ಟೆ ಎಂದು ಕೇಳಿದೆ, ಈ ಸಲ ನಿಜವಾಗಿಯೂ ತಿಳಿದುಕೊಳ್ಳಬೇಕೆಂದು.

"ತಪ್ಪಾಗುತ್ತೆ ಅಂತ ಭಯ," ಎಂದಳು. "ನಿಮಗೂ ತಪ್ಪಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ."

ಯಾವ ವಿಷಯ ಓದಬೇಕೆಂಬ ಮಾತನ್ನು ಆ ದಿನ ಇಬ್ಬರೂ ಎತ್ತಲಿಲ್ಲ. ಆ ನಾಲ್ಕು ಬಿಳಿ ಜಾಗಗಳನ್ನು ಕತ್ತಲಾಗುವವರೆಗೂ ಒಟ್ಟಿಗೆ ಕೂತು ತುಂಬಿದೆವು. ಮೂರನೆಯದರಲ್ಲಿ ಇಬ್ಬರೂ ತಪ್ಪಿದೆವು.